ಚಿನ್ನದ ಟೋಪಿ

ಭಾನುವಾರ ಬೆಳಿಗ್ಗೆ ಏಳೂವರೆಗೇ ಬೆಲ್ ಆಯಿತು. ಹಬ್ಬದ ಚಂದಾ. ಬಾಗಿಲಲ್ಲಿ ನಿಂತಿದ್ದವರು ಹೋದ ವರ್ಷ ಬರೀ ರಸೀದಿ ಪುಸ್ತಕ ಹಿಡಿದುಕೊಂಡು ಓಡಾಡುತ್ತಿದ್ದರು, ಈ ವರ್ಷ ಸಂಘದ ಅಧ್ಯಕ್ಷರು. ಚುನಾವಣೆ ಯಾವಾಗ ಆಯ್ತೋ ನನಗಂತೂ ಗೊತ್ತಿಲ್ಲ. ಐನೂರು ಕೊಟ್ಟೆ. ನೋಟು ನೋಡಿ, ನನ್ನ ಮುಖ ನೋಡಿ, "ಹೋದ್ಸಲ ಸಾವಿರ ಕೊಟ್ಟಿದ್ರಿ ಸಾರ್" ಅಂದರು. ಇನ್ನೊಂದು ಐನೂರು ಹೋಯಿತು.

ಆ ಉರಿಯಲ್ಲೇ ನೆನಪಾದವನು ಹದಿನಾಲ್ಕನೇ ಶತಮಾನದಲ್ಲಿ ಮಾಸ್ಕೋ ಆಳಿದ ರಾಜ ಇವಾನ್ ಕಲಿತಾ. ಕನ್ನಡದ 'ಕಲಿತ' ಅಲ್ಲ, ಸೊಂಟಕ್ಕೆ ಕಟ್ಟುವ ದುಡ್ಡಿನ ಚೀಲಕ್ಕೆ ಹಳೆ ರಷ್ಯನ್ ಹೆಸರು ಅದು, ನಮ್ಮ ಜಾಳಿಗೆ ಇದ್ದ ಹಾಗೆ. ಬಡವರಿಗೆ ಚೀಲದಿಂದ ತೆಗೆದು ಕೊಡುತ್ತಿದ್ದ, ಅದಕ್ಕೇ ಆ ಹೆಸರು ಅಂತ ಒಂದು ಕಥೆ. ಚೀಲ ತುಂಬಿಸಿಕೊಂಡಿದ್ದಕ್ಕೆ ಅಂತ ಇನ್ನೊಂದು. ಭಾನುವಾರ ಬೆಳಿಗ್ಗೆ ನಾನು ಎರಡನೆಯದನ್ನೇ ನಂಬುತ್ತೇನೆ.

ಆಗ ಅಲ್ಲಿಯ ರಾಜರು ಮಂಗೋಲರ ಕೈಕೆಳಗಿದ್ದರು, ಇವನ ಕೆಲಸ ಮಂಗೋಲ್ ಖಾನನಿಗೆ ಕಪ್ಪ ಒಟ್ಟುಮಾಡಿ ಕೊಡುವುದು. 1327ರಲ್ಲಿ ಪಕ್ಕದ ತ್ವೇರ್ ಊರಿನವರು ದಂಗೆ ಎದ್ದು ಖಾನನ ಕಡೆಯವನನ್ನು ಕೊಂದರು. ಇವನು ಖಾನನ ಸೈನ್ಯದ ಜೊತೆಗೇ ಹೋಗಿ ಆ ಊರು ಹಾಳು ಮಾಡಿ ಬಂದ. ತನ್ನದೇ ಜನ, ತನ್ನದೇ ಭಾಷೆ, ತನ್ನದೇ ದೇವರು. ಆಮೇಲೆ ನಲವತ್ತು ವರ್ಷ ನೆಮ್ಮದಿ ಇತ್ತು ಅಂತ ಅಲ್ಲಿಯ ಹಳೆಯ ದಾಖಲೆ ಹೊಗಳುತ್ತದೆ. ಇದ್ದೇ ಇರುತ್ತೆ, ಬರೆದದ್ದು ಯಾವ ಊರಲ್ಲಿ ಕೂತು? ಮಾಸ್ಕೋ ಬೆಳೆಯಿತು, ಓಕ್ ಮರದ ಕೋಟೆ ಎದ್ದಿತು, 1380ರಲ್ಲಿ ಇವನ ಮೊಮ್ಮಗ ದ್ಮಿತ್ರಿ ಕುಲಿಕೋವೊದಲ್ಲಿ ಮಂಗೋಲ್ ಸೈನ್ಯವನ್ನೇ ಸೋಲಿಸಿದ. ಅದೆಲ್ಲ ಪಠ್ಯಪುಸ್ತಕದಲ್ಲಿ ಬರುತ್ತೆ, ಬಿಡಿ.

ನನಗೆ ಇಷ್ಟವಾದದ್ದು ಇವನ ಉಯಿಲು. ಅದು ಇನ್ನೂ ಉಳಿದಿದೆ. ಖಾನನ ದರ್ಬಾರಿಗೆ ಹೊರಡುವ ಮುಂಚೆ ಬರೆಸಿದ್ದು, ಯಾಕೆಂದರೆ ಅಲ್ಲಿಗೆ ಹೋದ ರಾಜರಲ್ಲಿ ಕೆಲವರು ವಾಪಸ್ ಬರುತ್ತಿರಲಿಲ್ಲ, ಇವನ ಅಣ್ಣ ಯೂರಿಯೇ 1325ರಲ್ಲಿ ಅಲ್ಲಿ ಕೊಲೆಯಾಗಿದ್ದ. ಪಾಪಿ, ಕ್ಷುದ್ರ, ದೇವರ ದಾಸ ಇವಾನ್ ಅಂತ ಶುರು. ಯಾರ ಬಲವಂತವೂ ಇಲ್ಲ, ಬುದ್ಧಿ ನೆಟ್ಟಗಿದೆ, ಆರೋಗ್ಯ ಚೆನ್ನಾಗಿದೆ. ಆಮೇಲೆ ಪಟ್ಟಿ. ದೊಡ್ಡ ಮಗ ಸೆಮ್ಯೋನ್‌ಗೆ 4 ಚಿನ್ನದ ಸರ, 3 ಚಿನ್ನದ ಸೊಂಟಪಟ್ಟಿ, ಮುತ್ತು ಕೂರಿಸಿದ 2 ಬಟ್ಟಲು. ಬೆಳ್ಳಿ ತಟ್ಟೆ 3, ಅದನ್ನೂ ಎಣಿಸಿದ್ದಾನೆ. ಮುತ್ತು ಕೂರಿಸಿದ ಕೆಂಪು ಕೋಟು ಒಬ್ಬನಿಗೆ, ಹಳದಿಯದು ಇನ್ನೊಬ್ಬನಿಗೆ, ಕಿರಿಯ ಅಂದ್ರೇಗೆ ತುಪ್ಪಳದ್ದು. ತೀರಿಹೋದ ಹೆಂಡತಿಯ 14 ಬಳೆ, ಅವಳ ಹಾರ ಮಗಳು ಫೆತಿನ್ಯಾಗೆ, ಜೊತೆಗೆ 'ನಾನೇ ಮಾಡಿಸಿದ ಹೊಸ ಸರ'. ಆ 'ನಾನೇ ಮಾಡಿಸಿದ' ಓದಿದಾಗ ಸಿಟ್ಟು ಸ್ವಲ್ಪ ಇಳಿಯಿತು. ಬೀರು ತೆಗೆದು ಮಂಚದ ಮೇಲೆಲ್ಲ ಹರವಿಕೊಂಡು ಕೂತ ಅಪ್ಪನ ಹಾಗೆ ಕಾಣಿಸಿದ. ತ್ವೇರ್‌ನಲ್ಲೂ ಯಾರೋ ಮಗಳಿಗೆ ಅಂತ ಸರ ಮಾಡಿಸಿರಬೇಕಲ್ವಾ ಅನ್ನಿಸಿ ಮತ್ತೆ ಏರಿತು.

ಸೆಮ್ಯೋನ್ ಪಾಲಿನಲ್ಲಿ ಒಂದು ಚಿನ್ನದ ಟೋಪಿಯೂ ಇದೆ. ಮುಂದೆ ರಷ್ಯಾದ ಜಾರ್‌ಗಳು ಪಟ್ಟಾಭಿಷೇಕಕ್ಕೆ ತೊಟ್ಟ ಕಿರೀಟ ಅದೇ ಇರಬಹುದು ಅನ್ನುವವರಿದ್ದಾರೆ. ಜಾರ್‌ಗಳು ಮಾತ್ರ ಅದು ಬೈಜಾಂಟಿಯಂ ಚಕ್ರವರ್ತಿ ಕಳಿಸಿದ್ದು ಅಂತ ಹೇಳಿಕೊಂಡರು. ಕಸೂತಿಯಂಥ ಆ ಚಿನ್ನದ ಕೆಲಸ ನೋಡಿ, ಇದು ಮಧ್ಯ ಏಷ್ಯಾದ ಕಡೆಯದು, ಖಾನ್ ಕೊಟ್ಟದ್ದೇ ಇರಬೇಕು ಅಂತ ಕೆಲವು ಪಂಡಿತರು ಹೇಳುತ್ತಾರೆ. ಅಂತೂ ಟೋಪಿ. ಯಾರು ಯಾರಿಗೆ ಹಾಕಿದರು ಅನ್ನುವುದೇ ಜಗಳ.

ನನ್ನ ಸಾವಿರಕ್ಕೆ ರಸೀದಿ ಇನ್ನೂ ಬಂದಿಲ್ಲ.