ಕಾರು ತಗೊಂಡರೆ ಸಾಕ್ಷಿ, ಕೂಲಿ ಕೊಟ್ಟರೆ?

ಬಳ್ಳಾರಿಯಲ್ಲಿ ಬೆಳೆದವರಿಗೆ ದುಡ್ಡು ಹೇಗೆ ಬರುತ್ತೆ, ಹೇಗೆ ಹೋಗುತ್ತೆ ಅಂತ ಯಾರೂ ಬೋಧನೆ ಮಾಡಬೇಕಾಗಿಲ್ಲ. ಕಣ್ಣಾರೆ ನೋಡಿದ್ದೇವೆ. ಆದರೂ ಭಾನುವಾರ ಚರ್ಚ್ ಸಭೆಯಲ್ಲಿ ಸಾಕ್ಷಿ, ಅಂದರೆ ದೇವರು ತನಗೆ ಮಾಡಿದ ಉಪಕಾರ, ಹೇಳುವ ಹೊತ್ತು ಬಂದರೆ ಈಗಲೂ ಅದೇ ರಾಗ. ಕರ್ತನು ಹೊಸ ಕಾರು ಕೊಟ್ಟನು, ಸೈಟು ಕೊಟ್ಟನು, ಮಗನಿಗೆ ಬೆಂಗಳೂರಿನಲ್ಲಿ ಒಳ್ಳೇ ಪ್ಯಾಕೇಜ್ ಕೊಟ್ಟನು. ಎಲ್ಲರೂ ಆಮೆನ್ ಅನ್ನುತ್ತಾರೆ. ಸಿಕ್ಕಿದ್ದಕ್ಕೆ ಸ್ತೋತ್ರ ಹೇಳುವುದರಲ್ಲಿ ತಪ್ಪೇನಿಲ್ಲ, ನಾನೂ ಆಮೆನ್ ಅನ್ನುತ್ತೇನೆ. ನನ್ನ ತಕರಾರು ಇಷ್ಟೇ. ನಷ್ಟವಾಗಿ ಅಂಗಡಿ ಬಾಗಿಲು ಹಾಕಿದವನೂ ಅದೇ ಬೆಂಚಿನ ಮೇಲೆ ಕೂತಿರುತ್ತಾನೆ. ಅವನ ಕೈಗೆ ಯಾಕೆ ಯಾರೂ ಮೈಕ್ ಕೊಡುವುದಿಲ್ಲ? ಅವನ ನಂಬಿಕೆ ಕಡಿಮೆ ಬಿತ್ತು ಅಂತಾನಾ?

ಕಬ್ಬಿಣದ ಅದಿರಿನ ಕಾಲ ನೆನಪಿಸಿಕೊಳ್ಳಿ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳು. ಚೀನಾದಲ್ಲಿ ಉಕ್ಕಿಗೆ ಎಲ್ಲಿಲ್ಲದ ಬೇಡಿಕೆ, ಇಲ್ಲಿ ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ಹೊಲದ ಮೇಲ್ಮಣ್ಣು ಕೆದರಿದರೂ ಅದಿರು ಸಿಗುತ್ತೆ ಅಂತ ಗೊತ್ತಾದ ಮೇಲೆ ಜೋಳ, ಶೇಂಗಾ ಬಿಟ್ಟವರು ಎಷ್ಟೋ ಜನ. ಫೈನಾನ್ಸ್‌ನಲ್ಲಿ ಒಂದು ಟಿಪ್ಪರ್ ತಂದವನು ಅದರ ಕಂತು ತೀರುವ ಮೊದಲೇ ಇನ್ನೊಂದು ತಂದ. ಅಯ್ಯನವರನ್ನು, ಅಂದರೆ ಪಾಸ್ಟರನ್ನು, ಕರೆಸಿ, ಬಾನೆಟ್ ಮೇಲೆ ಕೈ ಇಡಿಸಿ ಪ್ರಾರ್ಥನೆ ಮಾಡಿಸಿದ್ದನ್ನು ನಾನೇ ನೋಡಿದ್ದೇನೆ. ಮುಂದಿನ ಗಾಜಿನ ಮೇಲೆ ಹಳದಿ ಅಕ್ಷರದಲ್ಲಿ 'ಯೆಹೋವ ಯೀರೆ' ಅಂತ ಸ್ಟಿಕ್ಕರ್. ಕರ್ತನು ಒದಗಿಸುತ್ತಾನೆ ಅಂತ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತಲ್ಲೇ ನಿಂತವು. ಲಾರಿ ನಂಬಿದ್ದ ಡ್ರೈವರು, ಕ್ಲೀನರು, ಪಂಕ್ಚರ್ ಅಂಗಡಿಯವನು, ದಾಬಾದವನು ಎಲ್ಲರ ಕೈಯೂ ಖಾಲಿ. ಕಂತು ಕಟ್ಟಲಾಗದೆ ಫೈನಾನ್ಸ್‌ನವರು ಎಳೆದುಕೊಂಡು ಹೋದ ಗಾಡಿಗಳ ಗಾಜಿನ ಮೇಲೂ ಅದೇ ಸ್ಟಿಕ್ಕರ್ ಇತ್ತು. ಹಾಗಾದರೆ ಕರ್ತನು ಒದಗಿಸಲಿಲ್ಲವಾ? ಈ ಪ್ರಶ್ನೆಗೆ ಆಗ ನಮ್ಮ ಸಭೆಗಳಲ್ಲಿ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. ಗಾಡಿ ಬಂದಾಗ ಆಶೀರ್ವಾದ ಅಂದವರು, ಹೋದಾಗ ಶೋಧನೆ, ಅಂದರೆ ದೇವರ ಪರೀಕ್ಷೆ, ಅಂದು ಸುಮ್ಮನಾದರು.

ಬೈಬಲಿನ ಆದಿಕಾಂಡ 22 ತೆಗೆದು ನೋಡಿ. ಒಂದು ಬೆಟ್ಟದ ಜಾಗಕ್ಕೆ ಯೆಹೋವ ಯೀರೆ ಅಂತ ಹೆಸರಿಟ್ಟವನು ಅಬ್ರಹಾಮ. ಅವನು ಆ ಬೆಟ್ಟ ಹತ್ತಿದ್ದು ಏನನ್ನೂ ಕೇಳುವುದಕ್ಕಲ್ಲ, ಇದ್ದೊಬ್ಬ ಮಗನನ್ನೂ ಬಿಟ್ಟುಕೊಡುವುದಕ್ಕೆ. ಕೈಬಿಡಲು ಹೋದವನ ಬಾಯಲ್ಲಿ ಬಂದ ಮಾತನ್ನು ನಾವು ಕಂತಿನ ಗಾಡಿಗೆ ಅಂಟಿಸಿದೆವು.

ಧರ್ಮೋಪದೇಶಕಾಂಡದ 8ನೇ ಅಧ್ಯಾಯವಂತೂ ನಮ್ಮ ಜಿಲ್ಲೆಗೇ ಬರೆದ ಹಾಗಿದೆ. ನೀವು ಹೋಗುವ ದೇಶದಲ್ಲಿ ಕಲ್ಲುಗಳೇ ಕಬ್ಬಿಣ, ಬೆಟ್ಟ ಅಗೆದರೆ ತಾಮ್ರ ಅನ್ನುತ್ತಾನೆ ಮೋಶೆ. ಊಟ ಸಿಗುತ್ತೆ, ಮನೆ ಕಟ್ಟುತ್ತೀರಿ, ಬೆಳ್ಳಿ ಬಂಗಾರ ಜಾಸ್ತಿ ಆಗುತ್ತೆ. ಆಗ, ಇದನ್ನೆಲ್ಲ ನನ್ನ ಕೈಬಲದಿಂದ ಸಂಪಾದಿಸಿದೆ ಅಂದುಕೊಂಡೀರಿ, ಹುಷಾರು ಅಂತ ಎಚ್ಚರಿಸುತ್ತಾನೆ. ಅದು 17ನೇ ವಚನ. ಸಂಪಾದಿಸುವ ಶಕ್ತಿ ಕೊಡುವವನು ದೇವರು ಅನ್ನುವುದು 18ನೇ ವಚನ. ದುಡ್ಡಿನ ಆಶೀರ್ವಾದ ಸಾರುವವರು 18ನ್ನು ಫ್ಲೆಕ್ಸ್ ಮೇಲೆ ಹಾಕಿಸುತ್ತಾರೆ. 17 ಇರುವ ಫ್ಲೆಕ್ಸ್ ನಾನಂತೂ ಕಂಡಿಲ್ಲ.

ಮಾತು ಬಂತು ಅಂತ ಹೇಳುತ್ತೇನೆ. ಲಂಡನ್ ಮಿಷನ್‌ನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡದಲ್ಲಿ ಇಡೀ ಬೈಬಲ್ 1831ರಲ್ಲಿ ಅಚ್ಚಾದದ್ದು ಈ ಊರಿನಲ್ಲೇ. ಅಂಥ ಊರಿನವರು ಒಂದು ವಚನ ಕಿತ್ತುಕೊಂಡು ಅದರ ಪಕ್ಕದ ವಚನ ಬಿಟ್ಟುಬಿಡುವುದು ನನಗೆ ಸ್ವಲ್ಪ ನಾಚಿಕೆಯ ವಿಷಯ. ಬೈಬಲಿನ ಯೋಬನ ಪುಸ್ತಕದ 28ನೇ ಅಧ್ಯಾಯವನ್ನು ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವರಿಗೆ ಓದಿ ಹೇಳಬೇಕು. ಕತ್ತಲೆಗೆ ದೀಪ ಹಿಡಿದು, ಜನರಿಂದ ದೂರ, ಸುರಂಗದಲ್ಲಿ ತೂಗಾಡುತ್ತಾ ಲೋಹ ಹುಡುಕುವವರ ಚಿತ್ರ ಅಲ್ಲಿದೆ. ಇಷ್ಟೆಲ್ಲ ಅಗೆಯಬಲ್ಲ ಮನುಷ್ಯನಿಗೆ ಜ್ಞಾನ ಎಲ್ಲಿ ಸಿಗುತ್ತೆ ಅಂತ ಯೋಬ ಕೇಳುತ್ತಾನೆ. ಮುಂದೆ 31ನೇ ಅಧ್ಯಾಯದಲ್ಲಿ, ಬಂಗಾರವನ್ನು ನಂಬಿಕೊಂಡಿದ್ದರೆ ಅದೂ ದೇವರಿಗೆ ಮಾಡಿದ ದ್ರೋಹವೇ ಅನ್ನುತ್ತಾನೆ.

ಇಷ್ಟು ಹೇಳಿದರೆ ಕೆಲವರು ಇನ್ನೊಂದು ಕಡೆಗೆ ವಾಲುತ್ತಾರೆ. ಕೂಡಿಡುವುದೇ ತಪ್ಪು, ಇನ್ಶೂರೆನ್ಸ್ ಮಾಡಿಸಿದರೆ ಅಪನಂಬಿಕೆ, ಹೀಗೆಲ್ಲ. ನಾನು ಒಪ್ಪುವುದಿಲ್ಲ. ಯೋಸೇಫ ಐಗುಪ್ತದಲ್ಲಿ ಏಳು ವರ್ಷ ದವಸ ತುಂಬಿಸಿಟ್ಟ. ಲೂಕ 12ರ ಐಶ್ವರ್ಯವಂತನೂ ಕಣಜ ಕಟ್ಟಿಸಲು ಹೊರಟ. ಇಬ್ಬರೂ ಕೂಡಿಟ್ಟವರೇ. ಒಬ್ಬನು ಬರಗಾಲದಲ್ಲಿ ಊರಿಗೆಲ್ಲ ಅನ್ನ ಹಾಕಿದ, ಇನ್ನೊಬ್ಬನನ್ನು ದೇವರು ಬುದ್ಧಿಹೀನ ಅಂದ. ಯಾಕೆ ಅಂತ ಗೊತ್ತಾಗಬೇಕಾದರೆ ಆ ಎರಡನೆಯವನ ಮಾತನ್ನು ಗಟ್ಟಿಯಾಗಿ ಓದಿ. ನನ್ನ ಬೆಳೆ, ನನ್ನ ಕಣಜ, ನನ್ನ ದವಸ, ನನ್ನ ಸರಕು, ಕೊನೆಗೆ ನನ್ನ ಜೀವವೇ ಅಂತ ತನಗೆ ತಾನೇ ಮಾತಾಡಿಕೊಳ್ಳುತ್ತಾನೆ. ಆ ಕಥೆಯಲ್ಲಿ ಅವನ ಹೊಲದಲ್ಲಿ ಕೊಯ್ಲು ಮಾಡಿದ ಒಬ್ಬ ಆಳೂ ಇಲ್ಲ. ಗಂಗಾವತಿ, ಕಾರಟಗಿ ಕಡೆಯ ರೈಸ್‌ಮಿಲ್ ಗೋದಾಮುಗಳ ಮುಂದೆ ಹಾದುಹೋಗುವಾಗ ನನಗೆ ಈ ಕಥೆ ನೆನಪಾಗುತ್ತೆ. ಗೋದಾಮಿನ ಮೇಲೆ ನನಗೇನೂ ಸಿಟ್ಟಿಲ್ಲ. ಒಳಗೆ ಮೂಟೆ ಹೊರುವ ಹಮಾಲಿ ಆ ಮಾಲೀಕನ ಲೆಕ್ಕದಲ್ಲಿ ಇದ್ದಾನಾ ಅನ್ನುವುದೊಂದೇ ಪ್ರಶ್ನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು, ಚೈನ್ ತುಂಡಾಗಿ, ಕೊಚ್ಚಿಕೊಂಡು ಹೋಯಿತು. ಸಿರುಗುಪ್ಪದಿಂದ ಸಿಂಧನೂರಿನವರೆಗೆ ಭತ್ತ ನಂಬಿದವರ ಎದೆ ಧಸಕ್ಕೆಂದಿತು. ತುಂಬಿದ ಡ್ಯಾಮ್ ಕಣ್ಣೆದುರೇ ಖಾಲಿ ಆಗುತ್ತಿತ್ತು. ನಮ್ಮ ಕಡೆ ಮನೆ ಮನೆಗಳಲ್ಲಿ ಪ್ರಾರ್ಥನೆ ಮಾಡಿದರು. ಅತ್ತ ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ನೀರು ತಡೆಯುವ ತಾತ್ಕಾಲಿಕ ಗೇಟು, ಅಂದರೆ ಸ್ಟಾಪ್‌ಲಾಗ್ ಇಳಿಸಿದರು. ಒಂದು ವಾರದಲ್ಲಿ ಕೆಲಸ ಮುಗಿಯಿತು. ನನ್ನ ಮಟ್ಟಿಗೆ ಆ ಪ್ರಾರ್ಥನೆಗೆ ಉತ್ತರ ಕ್ರೇನ್ ಮೇಲೆ ಬಂತು. ದೇವರನ್ನು ನಂಬುವವನು ಗೇಟಿಗೆ ಗ್ರೀಸ್ ಹಚ್ಚಬಾರದು ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ದುಡ್ಡಿನ ವಿಷಯದಲ್ಲಿ ಒಬ್ಬನು ದೇವರನ್ನು ಎಷ್ಟು ನಂಬುತ್ತಾನೆ ಅಂತ ತಿಳಿಯಬೇಕಾದರೆ ಅವನಿಗೆ ಏನು ಬಂತು ಅಂತ ನೋಡಬೇಡಿ. ಅವನು ಕೊಡಬೇಕಾದದ್ದು ಅವನ ಕೈಯಿಂದ ಯಾವಾಗ ಹೋಯಿತು ಅಂತ ನೋಡಿ.

ಕೌಲ್ ಬಜಾರಿನ ಕಡೆ ಜೀನ್ಸ್ ಕೆಲಸ ಮಾಡುವ ಮನೆಗಳು ತುಂಬಾ ಇವೆ. ಹೊಲಿದ ಪ್ಯಾಂಟುಗಳ ಕಟ್ಟು ಮನೆಗೆ ಬರುತ್ತದೆ. ಹೊಲಿಗೆಯ ತುದಿಯಲ್ಲಿ ಉಳಿದ ದಾರವನ್ನೆಲ್ಲ ಕತ್ತರಿಸಬೇಕು. ಪೀಸ್‌ಗೆ ಇಷ್ಟು ಅಂತ ಲೆಕ್ಕ, ಆ ಕೂಲಿಗೇ ಬಿಲ್ ಅನ್ನುತ್ತಾರೆ. ಜೇಬಿನ ಮೂಲೆ, ಬೆಲ್ಟ್ ಪಟ್ಟಿ, ಜಿಪ್ಪಿನ ಕೆಳಗೆ, ಒಂದು ದಾರ ಬಿಟ್ಟರೂ ವಾಪಸ್ ಬರುತ್ತೆ. ಬಣ್ಣ ಕೈಗೆ ಹತ್ತಿ ಬೆರಳ ತುದಿ, ಉಗುರಿನ ಸಂದು ಎಲ್ಲ ನೀಲಿ. ಭಾನುವಾರ ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರೂ ಆ ನೀಲಿ ಹೋಗಿರುವುದಿಲ್ಲ. ನಮ್ಮ ಸಭೆಗೆ ಬರುವ ಒಬ್ಬ ಅಕ್ಕನನ್ನು ಕೇಳಿದೆ, "ಈ ವಾರದ ಬಿಲ್ ಬಂತಾ ಅಕ್ಕಾ?"

"ಎಲ್ಲಿ ಬಂತಪ್ಪಾ, ಮುಂದಿನ ಶನಿವಾರ ಅಂತಾರ. ಸಂಘದೋರು ಕಂತಿಗೆ ಮಂಗಳವಾರನೇ ಬರ್ತಾರ."

ಕಾಣಿಕೆ ಚೀಲ ಬಂದಾಗ ಅದೇ ಅಕ್ಕ ಮಡಚಿದ ಹತ್ತರ ನೋಟು ಹಾಕಿದರು.

ಅವರ ಬಿಲ್ ತಡೆದವನೂ ಒಬ್ಬ ವಿಶ್ವಾಸಿಯೇ. ಹೆಸರು ಬೇಡ. ತಿಂಗಳು ತಿಂಗಳು ದಶಮಾಂಶ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲಿನ ಕಾಣಿಕೆ, ತಪ್ಪಿಸುವವನಲ್ಲ. ಆದರೆ ಧರ್ಮೋಪದೇಶಕಾಂಡ 24ರಲ್ಲಿ ಕೂಲಿಯವನಿಗೆ ಅವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು ಅಂತಿದೆ, ಅವನು ಬಡವ, ಅದನ್ನೇ ಕಾಯುತ್ತಿರುತ್ತಾನೆ ಅಂತ ಕಾರಣವೂ ಇದೆ. ಹೊಸ ಒಡಂಬಡಿಕೆಯ ಯಾಕೋಬನಂತೂ ಇನ್ನೂ ಖಾರವಾಗಿ ಬರೆಯುತ್ತಾನೆ. ನೀವು ತಡೆದ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಅನ್ನುತ್ತಾನೆ. ದೇವರಿಗೆ ಹತ್ತರಲ್ಲಿ ಒಂದು ಕೊಟ್ಟು, ಆಳಿನ ಹತ್ತಕ್ಕೆ ಹತ್ತನ್ನೂ ಇಟ್ಟುಕೊಂಡರೆ ಅದು ಯಾವ ಲೆಕ್ಕ?

ಇನ್ನು ಸಾಲ. ಸಂಘದ, ಅಂದರೆ ಮೈಕ್ರೋಫೈನಾನ್ಸ್ ಸಾಲದ, ಕಂತಿನ ಕಾಟ ಎಷ್ಟಾಯಿತೆಂದರೆ ಅದನ್ನು ತಡೆಯಲು ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಬಡವನ ಹತ್ತಿರ ಬಡ್ಡಿ ತಗೋಬೇಡ, ಅಡವಿಟ್ಟ ಹೊದಿಕೆಯನ್ನು ರಾತ್ರಿಯೊಳಗೆ ವಾಪಸ್ ಕೊಡು, ಅವನು ಏನು ಹೊದ್ದು ಮಲಗಬೇಕು ಅಂತ ವಿಮೋಚನಕಾಂಡ ಕೇಳುತ್ತದೆ. ನಮ್ಮ ಸಭೆಗಳಲ್ಲೇ ಬಡ್ಡಿಗೆ ಬಿಡುವವರು ಇದ್ದಾರೆ. ಇದನ್ನು ಬರೆದದ್ದಕ್ಕೆ ನನಗೆ ಫೋನ್ ಬರುತ್ತೆ, ಗೊತ್ತು. ಬರಲಿ.

ಕೂಟಗಳಿಗೆ ಹೊರಗಿನಿಂದ ಬರುವ ಕೆಲವು ಬೋಧಕರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಟೇಜ್ ಪಕ್ಕ ಕ್ಯೂಆರ್ ಕೋಡ್, ಮೈಕಿನಲ್ಲಿ, ಇದ್ದ ಎರಡೇ ಕಾಸನ್ನೂ ಕಾಣಿಕೆಗೆ ಹಾಕಿದ ಬಡ ವಿಧವೆಯ ಕಥೆ. ಬಿತ್ತಿ, ನೂರರಷ್ಟು ಬರುತ್ತೆ ಅಂತ ಆಸೆ. ಆ ಕಥೆ ಮಾರ್ಕ 12ರ ಕೊನೆಯಲ್ಲಿದೆ. ಅದಕ್ಕೆ ಸ್ವಲ್ಪ ಮೇಲೆ, ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವ ಯೆಹೂದಿ ಶಾಸ್ತ್ರಿಗಳ ಬಗ್ಗೆ ಎಚ್ಚರವಾಗಿರಿ ಅಂತ ಯೇಸು ಹೇಳಿದ್ದಾನೆ. ಎರಡನ್ನೂ ಸೇರಿಸಿ ಓದಿದರೆ ಆ ಹೆಂಗಸಿನ ಕೈಯಲ್ಲಿ ಎರಡೇ ಕಾಸು ಯಾಕೆ ಉಳಿದಿತ್ತು ಅಂತಲೂ ಯೋಚನೆ ಬರುತ್ತೆ, ಅಲ್ವಾ?

ಪೌಲನು ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಹೇಗೆ ನಡೆದುಕೊಂಡ ಅಂತ ಎರಡನೆಯ ಕೊರಿಂಥದ 8ನೇ ಅಧ್ಯಾಯದಲ್ಲಿದೆ. ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರ ಮನ್ನದ ಕಥೆ ನೆನಪಿಸುತ್ತಾನೆ. ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಆಮೇಲೆ, ಈ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಅಂತ ತನ್ನ ಜೊತೆಗಾರ ತೀತನ ಜೊತೆ ಬೇರೆಯವರನ್ನೂ ಕಳಿಸುತ್ತಾನೆ. ಅಪೊಸ್ತಲನೇ ಒಬ್ಬನೇ ದುಡ್ಡು ಮುಟ್ಟಲಿಲ್ಲ. ನಮ್ಮಲ್ಲಿ ವರ್ಷಕ್ಕೊಮ್ಮೆ ಲೆಕ್ಕ ಓದುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಜನ ಊಟದ ಸಾಲಿನಲ್ಲಿ ನಿಂತಿರುತ್ತಾರೆ.

ಈಗ ನಮ್ಮ ಸಭೆಯ ಹೆಣ್ಣುಮಕ್ಕಳು ಸೇರಿ ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಬಿಲ್ ತಡವಾದ ವಾರ ಕಂತು ಕಟ್ಟಲು ಅದರಿಂದ ಕೈಗಡ ತಗೋಬಹುದು. ಬಡ್ಡಿ ಇಲ್ಲ, ಕಾಗದ ಇಲ್ಲ. ಶುರುವಿನಲ್ಲಿ ಒಬ್ಬರು ಕೇಳಿದರು, ದುಡ್ಡು ವಾಪಸ್ ಬರದಿದ್ದರೆ ಏನು ಮಾಡ್ತೀರಿ ಅಂತ. ಹಿರಿಯಮ್ಮ ಒಬ್ಬರು, ಬರದಿದ್ದರೆ ಮತ್ತೆ ಹಾಕೋಣ ಅಂದು ಎಲೆ ಅಡಿಕೆ ಚೀಲ ಬಿಚ್ಚಿದರು. ಚರ್ಚೆ ಅಲ್ಲಿಗೇ ಮುಗಿಯಿತು. ಈವರೆಗೆ ಹೆಚ್ಚಿನದೆಲ್ಲ ವಾಪಸ್ ಬಂದಿದೆ, ಕೆಲವು ಬಂದಿಲ್ಲ.

ಮೊನ್ನೆ ಊರಿನ ಅನುಕೂಲಸ್ಥರೊಬ್ಬರು ಈ ಪೆಟ್ಟಿಗೆಗೆ ದೊಡ್ಡ ಮೊತ್ತ ಕೊಡುತ್ತೇನೆ ಅಂದಿದ್ದಾರೆ. ಗೋಡೆಯ ಮೇಲೆ ಅವರ ಹೆಸರಿನ ಕಲ್ಲು ಹಾಕಿಸಬೇಕಂತೆ. ಕಮಿಟಿಯವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ಅದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಅಂತ ನನಗಂತೂ ಗೊತ್ತಾಗುತ್ತಿಲ್ಲ.