ಪ್ಯಾಡ್ ಎಷ್ಟು ಎಂಎಂ ಉಂಟು?

ಬಂಗುಡೆಗೆ ಹತ್ತು ರೂಪಾಯಿ ಜಾಸ್ತಿ ಹೇಳಿದರೆ ತುಳು, ಮಲಯಾಳ, ಬ್ಯಾರಿ, ಕನ್ನಡ ನಾಲ್ಕರಲ್ಲೂ ಚರ್ಚಿಸಿ ಐದು ರೂಪಾಯಿ ಇಳಿಸದೆ ಬಿಡದವರು ನಾವು ಕಾಸರಗೋಡಿನವರು. ಆದರೆ ಸರ್ವಿಸ್ ಸೆಂಟರಿನಿಂದ ‘ಸಾರ್, ಬ್ರೇಕ್ ಸ್ವಲ್ಪ ವೀಕ್ ಉಂಟು’ ಎಂದು ಫೋನ್ ಬಂದರೆ ನಾಲ್ಕೂ ಭಾಷೆ ಒಟ್ಟಿಗೇ ಕೈಕೊಟ್ಟು ‘ಆಯ್ತು, ಮಾಡಿ’ ಎನ್ನುವುದೊಂದೇ ಬಾಯಿಗೆ ಬರುತ್ತದೆ. ವೈಪರ್ ಬ್ಲೇಡನ್ನು ಮುಂದಿನ ಮಳೆಗಾಲಕ್ಕೆ ನೋಡುವ ಎನ್ನಬಹುದು, ಎಸಿ ಫಿಲ್ಟರ್ ಮನೆಯಲ್ಲೇ ಕೊಡವಿಕೊಳ್ಳುತ್ತೇವೆ ಎನ್ನಬಹುದು. ಬ್ರೇಕಿನ ವಿಷಯದಲ್ಲಿ ಮಾತ್ರ ಹೆಂಡತಿ, ಮಕ್ಕಳು, ಕಟ್ಟಲು ಬಾಕಿಯಿರುವ ಕಂತು ಎಲ್ಲ ಸಾಲಾಗಿ ಕಣ್ಣೆದುರು ನಿಲ್ಲುತ್ತವೆ. ಬಿಡಿಭಾಗಕ್ಕಾದರೂ ಎಂಆರ್‌ಪಿ ಇರುತ್ತದೆ, ಹೆದರಿಕೆಗೆ ಇಲ್ಲ.

ಹತ್ತು ನಿಮಿಷದಲ್ಲಿ ವಾಟ್ಸಾಪಿಗೆ ಎಸ್ಟಿಮೇಟ್ ಬರುತ್ತದೆ. ಮುಂದಿನ ಪ್ಯಾಡ್, ಎರಡು ಡಿಸ್ಕ್, ಹಿಂದಿನ ಶೂ, ಬ್ರೇಕ್ ಆಯಿಲ್, ಕ್ಯಾಲಿಪರ್ ಸರ್ವಿಸ್, ಕ್ಲೀನಿಂಗ್ ಆಂಡ್ ಅಡ್ಜಸ್ಟ್‌ಮೆಂಟ್. ಚಕ್ರದ ಜತೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ನಿಲ್ಲಿಸುವುದು ಪ್ಯಾಡ್, ಆ ಪ್ಯಾಡುಗಳನ್ನು ಒತ್ತುವ ಹಿಡಿ ಕ್ಯಾಲಿಪರ್, ಹಿಂದಿನ ಚಕ್ರದ ಡ್ರಮ್ಮಿನೊಳಗೆ ಇದೇ ಕೆಲಸ ಮಾಡುವುದು ಶೂ. ಇದರಲ್ಲಿ ಕೆಲವು ನಿಜಕ್ಕೂ ಬೇಕಾದವು, ಕೆಲವು ಆರು ತಿಂಗಳು ಕಾಯಬಹುದಾದವು, ಇನ್ನು ಕೆಲವು ‘ಹೇಗೂ ಗಾಲಿ ಬಿಚ್ಚಿದೆಯಲ್ಲ’ ಕೋಟಾದಲ್ಲಿ ಒಳಗೆ ಬಂದವು. ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ‘ಪ್ಯಾಡ್ ಎಷ್ಟು ಎಂಎಂ ಉಂಟು ಮಾರಾಯ್ರೆ?’ ‘30 ಪರ್ಸೆಂಟ್ ಬಾಕಿ ಸಾರ್’ ಎಂದರೆ ಅದು ಉತ್ತರವಲ್ಲ. ಯಾವುದರ 30, ಯಾರು ಅಳೆದದ್ದು, ಯಾವುದರಿಂದ ಎಂದು ಮೆಲ್ಲಗೆ ಕೇಳಬೇಕು. ಆ ಕಡೆಯಿಂದ ಸ್ವಲ್ಪ ಹೊತ್ತು ಸ್ಪ್ಯಾನರಿನ ಸದ್ದು ಮಾತ್ರ ಕೇಳಿಸುತ್ತದೆ.

ಲೋಹದ ತಗಡನ್ನು ಬಿಟ್ಟು, ಸವೆಯುವ ಭಾಗ ಮಾತ್ರ ಲೆಕ್ಕ ಹಾಕಿದರೆ ಸಣ್ಣ ಕಾರಿನ ಹೊಸ ಪ್ಯಾಡಿನಲ್ಲಿ ಸುಮಾರು 10 ಮಿ.ಮೀ. ಇರುತ್ತದೆ. 3ಕ್ಕೆ ಇಳಿದರೆ ಬದಲಿಸುವುದು, 2ಕ್ಕೆ ಇಳಿದರೆ ಅಲ್ಲಿಂದ ಕಾರು ಹೊರಡಿಸದಿರುವುದು. 6 ಇದ್ದರೆ ಕೈಮುಗಿದು ಮನೆಗೆ ಬರಬಹುದು. ಇನ್ನೆಷ್ಟು ದೂರ ಬಾಳುತ್ತದೆ ಎಂಬುದಕ್ಕೆ ಓಡೋಮೀಟರ್ ನೋಡಿದರಾಯಿತು: 30,000 ಕಿ.ಮೀ.ಗೆ 10 ಇದ್ದದ್ದು 6 ಆಗಿದ್ದರೆ, 3ಕ್ಕೆ ಮುಟ್ಟಲು ಇನ್ನೂ 20,000ದ ಮೇಲೆ ಉಂಟು. ಅಡಿಕೆ ಕ್ವಿಂಟಾಲಿನ ಲೆಕ್ಕ ಬಾಯಲ್ಲೇ ಹಾಕುವವರಿಗೆ ಇದೇನೂ ಕಷ್ಟವಲ್ಲ.

ಕಷ್ಟ ಇರುವುದು ನೋಡುವುದರಲ್ಲಿ. ಅಲಾಯ್ ವೀಲಿನ ಸಂದಿಯಿಂದ ಟಾರ್ಚ್ ಹಾಕಿದರೆ ಕಾಣುವುದು ಹೊರಗಿನ ಪ್ಯಾಡ್. ಒಳಗಿನದ್ದು, ಪ್ಯಾಡನ್ನು ದೂಡುವ ಪಿಸ್ಟನ್ ಬದಿಯಲ್ಲಿ ಅಡಗಿ ಕೂತಿರುತ್ತದೆ, ಹೆಚ್ಚಾಗಿ ಬೇಗ ಸವೆಯುವುದೂ ಅದೇ. ಕ್ಯಾಲಿಪರ್ ಎರಡು ಸ್ಲೈಡ್ ಪಿನ್ನುಗಳ ಮೇಲೆ ಆಚೆ ಈಚೆ ಜಾರಬೇಕು. ಕುಂಬಳೆ, ಮೊಗ್ರಾಲ್, ಉಪ್ಪಳದ ಕಡಲಗಾಳಿಗೂ ನಮ್ಮ ಮಳೆಗೂ ಆ ಪಿನ್ನಿನ ರಬ್ಬರ್ ಹರಿದು, ಗ್ರೀಸ್ ತೊಳೆದುಹೋಗಿ, ತುಕ್ಕು ಕೂತರೆ ಜಾರುವುದು ನಿಲ್ಲುತ್ತದೆ. ಆಗ ಹೊರಗಿನದ್ದು 6, ಒಳಗಿನದ್ದು 2. ಇಲ್ಲಿ ಬರೀ ಪ್ಯಾಡ್ ಹಾಕಿ ಕಳುಹಿಸಿದರೆ ಹೊಸ ಒಳಪ್ಯಾಡಿಗೂ ಅದೇ ಗತಿ. ಹಾಗಾಗಿ ಪಟ್ಟಿಯಲ್ಲಿ ‘ಕ್ಯಾಲಿಪರ್ ಸರ್ವಿಸ್’ ಕಂಡ ಕೂಡಲೇ ಮುಖ ಸಿಂಡರಿಸಬಾರದು. ಒಳ ಹೊರಗಿನ ಅಳತೆಯಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಅದು ನ್ಯಾಯವಾದ ಕೆಲಸ. ಪಿನ್ ಬಿಚ್ಚಿ ಉಜ್ಜಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಬೇಕು. ಬೇರಿಂಗಿನ ಡಬ್ಬಿಯಿಂದ ಬೆರಳಲ್ಲಿ ಬಳಿದು ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮೊದಲಿಗಿಂತ ಗಟ್ಟಿ ಹಿಡಿಯುತ್ತದೆ.

ಸದ್ದಿನ ವಿಷಯಕ್ಕೆ ಬಂದರೆ, ಪ್ರತಿ ಸದ್ದಿಗೂ ಸಾವಿರ ರೂಪಾಯಿ ಇಲ್ಲ. ರಾತ್ರಿ ಮಳೆಗೆ ನಿಂತ ಕಾರು ಬೆಳಿಗ್ಗೆ ಗರಗರ ಎಂದರೆ ಡಿಸ್ಕಿನ ಮೇಲಿನ ತೆಳು ತುಕ್ಕು. ಗೇಟಿನಿಂದ ಮುಖ್ಯರಸ್ತೆಗೆ ಬರುವಷ್ಟರಲ್ಲಿ ನಾಲ್ಕು ಬಾರಿ ಬ್ರೇಕ್ ಒತ್ತಿದರೆ ಮಾಯ. ಪೆರ್ಲ, ಮುಳ್ಳೇರಿಯ ಕಡೆ ತೋಟದ ದಾರಿಯಲ್ಲಿ ಮುರಕಲ್ಲಿನ ಚೂರೊಂದು ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡರೆ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಇದಕ್ಕೆ ಬೇಕಾದದ್ದು ಸ್ಕ್ರೂಡ್ರೈವರ್ ಒಂದೇ. ಚಲಿಸುವಾಗ ಒಂದೇ ಸಮನೆ ಸಣ್ಣ ಕೀರಲು, ಒತ್ತಿದರೆ ಬದಲಾಗುವುದು, ಪ್ಯಾಡ್ ಮುಗಿಯುತ್ತ ಬಂತೆಂದು ಎಚ್ಚರಿಸಲು ಇಟ್ಟ ತಗಡಿನ ನಾಲಿಗೆಯದ್ದು. ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂದರೆ ಮಾತ್ರ ಎಸ್ಟಿಮೇಟ್ ಓದುತ್ತ ಕೂರಬೇಡಿ.

ಪ್ಯಾಡಿನ ಜತೆ ಡಿಸ್ಕೂ ಬದಲಿಸಬೇಕು ಎನ್ನುವುದು ಬಿಲ್ಲನ್ನು ಒಂದೇ ಗೀಟಿನಲ್ಲಿ ಎರಡು ಮೂರು ಪಟ್ಟು ಮಾಡುವ ಮಾತು. ಡಿಸ್ಕು ಸಾಮಾನ್ಯವಾಗಿ ಎರಡು ಸೆಟ್ ಪ್ಯಾಡನ್ನಾದರೂ ಬಾಳಿಸುತ್ತದೆ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಅದರ ಅಂಚಿನಲ್ಲೋ ಮಧ್ಯದಲ್ಲೋ ಕೆತ್ತಿರುತ್ತಾರೆ. ಹೊಸದು 22 ಇದ್ದರೆ ಕನಿಷ್ಠ 20 ಎಂಬಂತೆ. ಅಳೆಯುವಾಗ ಒಂದು ಮೋಸ ಉಂಟು: ಪ್ಯಾಡ್ ಮುಟ್ಟದ ಹೊರ ಅಂಚು ಸವೆಯದೆ ದಂಡೆ ಕಟ್ಟಿಕೊಳ್ಳುತ್ತದೆ. ದಪ್ಪ ಅಳೆಯುವ ವರ್ನಿಯರ್ ಆ ದಂಡೆಯನ್ನೇ ಹಿಡಿದು, ಸತ್ತ ಡಿಸ್ಕಿಗೂ ಆರೋಗ್ಯದ ಸರ್ಟಿಫಿಕೇಟ್ ಕೊಡುತ್ತದೆ. ಮೈಕ್ರೋಮೀಟರ್ ಇಲ್ಲದಿದ್ದರೆ ಎರಡೂ ಬದಿಗೆ ಒಂದೇ ತರದ ಎರಡು ನಾಣ್ಯ ಒತ್ತಿ ಹಿಡಿದು ಅಳೆದು, ನಾಣ್ಯಗಳ ದಪ್ಪ ಕಳೆಯಬಹುದು. ಹೆದ್ದಾರಿಯಲ್ಲಿ 80ರಲ್ಲಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಸಮ ಇಲ್ಲ ಎಂದು ಅನುಮಾನಿಸಬೇಕು. ಕೆರೆದ ಮೇಲೂ ಕನಿಷ್ಠಕ್ಕಿಂತ ಹೆಚ್ಚು ಉಳಿಯುವುದಾದರೆ ಲೇತಿಗೆ ಕೊಟ್ಟು ಸಮ ಮಾಡಿಸಬಹುದು. ಉಳಿಯದಿದ್ದರೆ ಹೊಸದೇ ಗತಿ, ಅದೂ ಜೋಡಿಯಾಗಿ.

ಬ್ರೇಕ್ ಆಯಿಲ್ ಒಂದರಲ್ಲಿ ಮಾತ್ರ ನಮ್ಮವರ ಜಿಪುಣತನ ಅಪಾಯಕಾರಿ. ‘ಕಪ್ಪಾಗಿದೆ ಸಾರ್’ ಎಂಬುದು ದುರ್ಬಲ ವಾದ, ಬಣ್ಣ ಸಾಕ್ಷಿಯಲ್ಲ. ಬಲವಾದ ವಾದ ನೀರಿನದ್ದು. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿಯೇ ಅರ್ಧ ನೀರು. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯ ತನಕ ಕುದಿಯಬಾರದು ಎಂಬುದು ನಿಯಮ, ನೀರು ಕುಡಿದ ಮೇಲೆ ಆ ಮಿತಿ 155. ಮಡಿಕೇರಿಯಿಂದ ಸಂಪಾಜೆ ಘಾಟಿಯನ್ನು ಮೂರನೇ ಗೇರಿಗೂ ಇಳಿಸದೆ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಅದು ಕುದಿದು ಆವಿಯಾಗುತ್ತದೆ, ಪೆಡಲ್ ಸ್ಪಂಜಿನ ಹಾಗೆ ತಗ್ಗುತ್ತದೆ. ಎರಡು ವರ್ಷ ಆಗಿದ್ದರೆ ಚೌಕಾಸಿ ಇಲ್ಲದೆ ‘ಹೂಂ’ ಎನ್ನಿ. ಸಣ್ಣ ಕಾರಿಗೆ ಒಂದು ಲೀಟರಿನ ಒಳಗೆ ಮುಗಿಯುವ ಕೆಲಸ. ಆಯಿಲ್ ಮಟ್ಟ ಇಳಿದಿದೆ ಎಂದು ಮೇಲಿಂದ ತುಂಬಿಸುವುದು ಬೇಡ. ಪ್ಯಾಡ್ ಸವೆದಷ್ಟು ಮಟ್ಟ ತಾನಾಗಿ ಇಳಿಯುತ್ತದೆ. ತುಂಬಿಸಿಟ್ಟರೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಉಕ್ಕಿ ಬಾನೆಟಿನ ಒಳಗಿನ ಪೇಂಟು ಎಬ್ಬಿಸುತ್ತದೆ.

ಇನ್ನು ಗಲ್ಫ್ ಕಾರುಗಳು. ಯಜಮಾನ ದುಬೈಯಲ್ಲಿ, ಕಾರು ಹ್ಯಾಂಡ್ ಬ್ರೇಕ್ ಎಳೆದುಕೊಂಡು ಶೆಡ್ಡಿನಲ್ಲಿ. ಮಳೆಗಾಲ ಮುಗಿಯುವಾಗ ಹಿಂದಿನ ಶೂ ಡ್ರಮ್ಮಿಗೆ ತುಕ್ಕಿನಲ್ಲಿ ಅಂಟಿರುತ್ತದೆ. ರಜೆಗೆ ಬಂದವರು ಮೊದಲ ದಿನವೇ ಮದುವೆಗೆ ಹೊರಟರೆ ಎಂಜಿನ್ ಕಿರುಚುತ್ತದೆ, ಕಾರು ಕದಲುವುದಿಲ್ಲ. ಭಾವ ಹಿಂದಿನಿಂದ ದೂಡುತ್ತಾನೆ, ಬಿಳಿ ಪಂಚೆಗೆ ಕೆಂಪು ಕೆಸರು. ಅಷ್ಟಕ್ಕೇ ಶೂ, ಡ್ರಮ್, ಶೂವನ್ನು ದೂಡುವ ವೀಲ್ ಸಿಲಿಂಡರ್ ಎಲ್ಲ ಬರೆದುಕೊಡುವವರಿದ್ದಾರೆ. ಡ್ರಮ್ಮಿಗೆ ಸುತ್ತಿಗೆಯಿಂದ ಹದವಾಗಿ ತಟ್ಟಿದರೆ ಹೆಚ್ಚಾಗಿ ಬಿಡುತ್ತದೆ. ಬಿಟ್ಟ ಮೇಲೆ ಬಿಚ್ಚಿ, ಶೂವಿನ ಸವೆಯುವ ಲೈನಿಂಗ್ ತಗಡಿನಿಂದ ಎದ್ದಿದೆಯೋ, ವೀಲ್ ಸಿಲಿಂಡರಿನ ರಬ್ಬರ್ ಎತ್ತಿದರೆ ಒಳಗೆ ಆಯಿಲ್ ಜಿನುಗಿದೆಯೋ ನೋಡಬೇಕು. ಆಯಿಲ್ ಕುಡಿದ ಶೂವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಉಪಯೋಗವಿಲ್ಲ, ಎರಡೂ ಬದಿಯದ್ದು ಬದಲಿಸಲೇಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿಗೆ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟಿಡಿ.

ದರದ ಚರ್ಚೆಗೆ ಹಳೆ ಸಾಮಾನು ಮತ್ತು ಹೊಸ ಡಬ್ಬಿ ಎರಡನ್ನೂ ಕೇಳಿ ಇಟ್ಟುಕೊಳ್ಳಬೇಕು. ಡಬ್ಬಿಯ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. 2025 ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಜಿಎಸ್‌ಟಿ 18 ಶೇಕಡಾ. ಬಿಲ್ಲಿನಲ್ಲಿ ಮೂಲಬೆಲೆ, ತೆರಿಗೆ ಬೇರೆ ಬೇರೆ ತೋರಿಸಲಿ, ಕೂಡಿಸಿದರೆ ಎಂಆರ್‌ಪಿ ದಾಟಬಾರದು. ಎಂಆರ್‌ಪಿಯ ಮೇಲೆಯೇ 18 ಕೂಡಿಸಿದ್ದರೆ ಅಲ್ಲಿ ನಾಲ್ಕು ಭಾಷೆಯನ್ನೂ ಧಾರಾಳವಾಗಿ ಬಳಸಬಹುದು. ಲೇಬರ್ ಸಾಲಿನಲ್ಲಿ ಇನ್ನೊಂದು ಚಮತ್ಕಾರ ಉಂಟು: ಪ್ಯಾಡ್ ಬದಲಿಸಲು ಇಷ್ಟು, ಡಿಸ್ಕ್ ಬದಲಿಸಲು ಇಷ್ಟು, ಕ್ಯಾಲಿಪರ್ ಬಿಚ್ಚಲು ಇಷ್ಟು. ಡಿಸ್ಕ್ ತೆಗೆಯಬೇಕಾದರೆ ಪ್ಯಾಡ್, ಕ್ಯಾಲಿಪರ್ ಮೊದಲೇ ಹೊರಬಂದಿರುತ್ತವೆ. ಕೈಪಳಗಿದವನಿಗೆ ಮುಂದಿನ ಎರಡೂ ಚಕ್ರದ ಪ್ಯಾಡ್ ಒಂದು ಗಂಟೆಯೊಳಗಿನ ಕೆಲಸ. ಒಂದೇ ಬೋಲ್ಟು ಬಿಚ್ಚಿದ್ದಕ್ಕೆ ಮೂರು ಕೂಲಿ ಏಕೆ ಎಂದು ನಗುತ್ತಲೇ ಕೇಳಿ, ಒಂದು ಸಾಲಾದರೂ ಕಡಿಮೆಯಾಗುತ್ತದೆ. ಕಂಪನಿ ಡಬ್ಬಿಯೇ ಬೇಕೆಂದೂ ಇಲ್ಲ. ಕಾರು ಕಂಪನಿಗಳಿಗೇ ಮಾಲು ಕೊಡುವ ಚೆನ್ನೈಯ ರಾಣೆ, ಟಿವಿಎಸ್ ಅಪಾಚೆ (ಹಿಂದಿನ ಟಿವಿಎಸ್ ಗರ್ಲಿಂಗ್) ತರದ ಹೆಸರುಗಳು ಸ್ಪೇರ್ ಅಂಗಡಿಗಳಲ್ಲೂ ಸಿಗುತ್ತವೆ. ಡಬ್ಬಿಯಿಲ್ಲದೆ ಪೇಪರಿನಲ್ಲಿ ಸುತ್ತಿ ‘ಒರಿಜಿನಲ್’ ಎಂದು ಕೊಡುವುದನ್ನು ಮಾತ್ರ ಮುಟ್ಟಬಾರದು.

ಅತಿಬುದ್ಧಿವಂತಿಕೆಯೂ ಬೇಡ. ಎಂಜಿನ್ ಆನ್ ಇಟ್ಟು ಪೆಡಲನ್ನು ಒಂದು ನಿಮಿಷ ಒಂದೇ ಬಲದಲ್ಲಿ ಒತ್ತಿ ಹಿಡಿಯಿರಿ. ಕಾಲಡಿ ಮೆಲ್ಲಮೆಲ್ಲ ಕುಸಿಯುತ್ತ ಹೋದರೆ ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಒಳಗೆ ಸೋರುತ್ತಿರಬಹುದು, ಅಥವಾ ಎಲ್ಲೋ ಹೊರಗೆ. ಅಂಥಲ್ಲಿ, ಹೋಸಿನ ರಬ್ಬರ್ ಬಿರಿದಲ್ಲಿ, ಒಂದು ಚಕ್ರ ಮಾತ್ರ ಸುಡುವಷ್ಟು ಬಿಸಿಯಾದಲ್ಲಿ, ಎಂಆರ್‌ಪಿ ಚರ್ಚೆ ಆಮೇಲೆ, ರಿಪೇರಿ ಮೊದಲು.

ಎಲ್ಲ ಗೆದ್ದು, ಹಳೆ ಪ್ಯಾಡನ್ನು ಡಿಕ್ಕಿಯಲ್ಲಿಟ್ಟು ಹೊರಡುವ ಉತ್ಸಾಹದಲ್ಲಿ ಒಂದನ್ನು ಮರೆಯುವವರು ಬಹಳ. ಪಿಸ್ಟನ್ ಹಿಂದಕ್ಕೆ ಒತ್ತಿರುವುದರಿಂದ ಮೊದಲ ಒತ್ತಿಗೆ ಪೆಡಲ್ ನೇರ ನೆಲ ಮುಟ್ಟುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಸ್ಟಾರ್ಟ್ ಮಾಡಿ, ನಿಂತಲ್ಲೇ ಗಟ್ಟಿಯಾಗುವ ತನಕ ಪೆಡಲ್ ಪಂಪ್ ಮಾಡಿ, ಮತ್ತೆ ಗೇರ್ ಹಾಕಿ. ಗ್ಯಾರೇಜಿನ ಎದುರಿನ ಕಾಂಪೌಂಡ್ ಗೋಡೆಯಲ್ಲಿ ಬಂಪರಿನ ಎತ್ತರಕ್ಕೆ ಸರಿಯಾಗಿ ಸಿಮೆಂಟ್ ತೇಪೆ ಕಂಡರೆ, ನಿಮಗಿಂತ ಮೊದಲು ಯಾರೋ ಪಂಪ್ ಮಾಡದೆ ಹೊರಟಿದ್ದಾರೆ.