ಪ್ರೀಮಿಯಂ ಪೆಟ್ರೋಲು ಕಾರಿನ ಬಲ ಹೆಚ್ಚಿಸುತ್ತದೆಯೇ?

ಪರ

ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 42 ಡಿಗ್ರಿ ದಾಟುವುದು ವಿಶೇಷವೇನಲ್ಲ. ಅಂಥ ಹೊತ್ತಿನಲ್ಲಿ ಐದು ಜನರನ್ನು ಕೂರಿಸಿಕೊಂಡು, ಎ.ಸಿ. ಹಾಕಿಕೊಂಡು ಹುಮನಾಬಾದ್ ಕಡೆಗೆ ಹೊರಟ ಒಂದು ಲೀಟರ್ ಎಂಜಿನ್ನಿನ ಟರ್ಬೊ ಕಾರಿನ ಸಿಲಿಂಡರಿನೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ, ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ, ಜ್ವಾಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹಬ್ಬುತ್ತದೆ. ಒತ್ತಡ ಮತ್ತು ಬಿಸಿ ಮಿತಿಮೀರಿದಾಗ, ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಗ್ಯಾರೇಜಿನವರು ನಾಕಿಂಗ್ ಎನ್ನುವುದು ಇದಕ್ಕೇ. ಈ ಸಿಡಿತವನ್ನು ಇಂಧನ ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. ಒಳಗೆ ಬರುವ ಗಾಳಿ ಬಿಸಿಯಾದಷ್ಟೂ ಎಂಜಿನ್ನು ಹೆಚ್ಚು ಆಕ್ಟೇನ್ ಬೇಡುತ್ತದೆ. ಟರ್ಬೊ ಆ ಗಾಳಿಯನ್ನು ಮೊದಲೇ ಒತ್ತಿ ಕಳಿಸುವುದರಿಂದ ಬೇಡಿಕೆ ಇನ್ನಷ್ಟು ಏರುತ್ತದೆ.

ಇಂದಿನ ಕಾರುಗಳಲ್ಲಿ ನಾಕಿಂಗನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಅದು ಸುಳಿವು ಕೊಟ್ಟ ಕೂಡಲೇ ಎಂಜಿನ್ನಿನ ಕಂಪ್ಯೂಟರು ಕಿಡಿಯನ್ನು ಕೊಂಚ ತಡಮಾಡುತ್ತದೆ. ಎಂಜಿನ್ನು ಉಳಿಯುತ್ತದೆ, ಪಿಕಪ್ ಕುಗ್ಗುತ್ತದೆ. ಓವರ್‌ಟೇಕ್ ಮಾಡಲು ಕಾಲೊತ್ತಿದಾಗ ಕಾರು ಏಳದಿರುವುದಕ್ಕೆ ಬೇಸಿಗೆಯಲ್ಲಿ ಇದೂ ಒಂದು ಕಾರಣ. 95 ಆಕ್ಟೇನಿನ ಪ್ರೀಮಿಯಂ ಪೆಟ್ರೋಲು ಇದ್ದರೆ ಕಂಪ್ಯೂಟರು ಅಷ್ಟು ಹಿಂದೆ ಸರಿಯಬೇಕಾಗುವುದಿಲ್ಲ, ಕಾರಿಗೆ ಸಲ್ಲಬೇಕಾದ ಬಲ ಕಾರಿಗೆ ಸಿಗುತ್ತದೆ. ಅಮೆರಿಕದ ವಾಹನ ಮಾಲೀಕರ ಸಂಘ ಎಎಎ, ಪ್ರೀಮಿಯಂ ಇಂಧನವನ್ನು ಶಿಫಾರಸು ಮಾಡಿದ ಕಾರುಗಳನ್ನು 2017ರಲ್ಲಿ ಪರೀಕ್ಷಿಸಿದಾಗ ಶಕ್ತಿ ಸರಾಸರಿ ಶೇ 1.4ರಷ್ಟು, ಮೈಲೇಜ್ ಶೇ 2.7ರಷ್ಟು ಹೆಚ್ಚಿತ್ತು. ಈ ಅಂಕಿ ಸಣ್ಣದೇ, ಒಪ್ಪುತ್ತೇನೆ. ಆದರೆ ಸಣ್ಣದು ಎನ್ನುವುದಕ್ಕೂ ಸುಳ್ಳು ಎನ್ನುವುದಕ್ಕೂ ವ್ಯತ್ಯಾಸವಿದೆ.

ವಿರೋಧ

ಮೇಲಿನ ವಾದದಲ್ಲಿ ತಾಂತ್ರಿಕ ತಪ್ಪೇನೂ ಇಲ್ಲ. ಅದು ಯಾವ ಕಾರಿನ ಬಗ್ಗೆ ಹೇಳಿದ ಮಾತು ಎಂಬುದಷ್ಟೇ ನನ್ನ ತಕರಾರು. ಬೀದರ್, ಯಾದಗಿರಿ, ಕಲಬುರಗಿಯ ರಸ್ತೆಗಳಲ್ಲಿ ಕಾಣುವ ಬಹುಪಾಲು ಪೆಟ್ರೋಲ್ ಕಾರುಗಳು ಟರ್ಬೊ ಇಲ್ಲದ ಸಾದಾ ಎಂಜಿನ್ನಿನವು, ಅಲ್ಲದೆ ನಮ್ಮ ದೇಶದಲ್ಲಿ ಮೊದಲಿದ್ದ 91 ಆಕ್ಟೇನಿನ ಸಾದಾ ಪೆಟ್ರೋಲಿಗೆಂದೇ ಹೊಂದಿಸಿದವು. ಆ ಇಂಧನದಲ್ಲಿ ನಾಕಿಂಗ್ ಆಗದ ಎಂಜಿನ್ನಿಗೆ ಅದನ್ನು ತಡೆಯುವ ಹೆಚ್ಚುವರಿ ಸಾಮರ್ಥ್ಯ ಕೊಟ್ಟು ಆಗಬೇಕಾದದ್ದೇನು? ಕಂಪ್ಯೂಟರು ಕಿಡಿಯನ್ನು ಮುಂದೂಡದೇ ಇರುವಾಗ ಮರಳಿ ಪಡೆಯುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಆಕ್ಟೇನ್ ಹೆಚ್ಚಿದರೆ ಇಂಧನದೊಳಗಿನ ಶಕ್ತಿಯೂ ಹೆಚ್ಚುತ್ತದೆ ಎಂಬ ನಂಬಿಕೆ ಪಂಪಿನಲ್ಲಿ ಸಾಲು ನಿಂತವರ ಮಾತಿನಲ್ಲಿ ಆಗಾಗ ಕೇಳಿಬರುತ್ತದೆ. ಪವರ್ ಎಂಬ ಹೆಸರಿಟ್ಟು ಮಾರಿದರೆ ಜನ ಹಾಗೆ ತಿಳಿಯುವುದು ಸಹಜವೇ. ಈ ನಂಬಿಕೆಯನ್ನು ಕೆಡವಲು ಎಥೆನಾಲ್ ಒಂದೇ ಸಾಕು: ಅದರ ಆಕ್ಟೇನ್ ಸುಮಾರು 108, ಆದರೆ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ಕಡಿಮೆ. ಕಬ್ಬಿನಿಂದಲೂ ತಯಾರಾಗುವ ಎಥೆನಾಲಿನ ಮಿಶ್ರಣ 2025ರಲ್ಲಿ ದೇಶದಲ್ಲಿ ಶೇ 20ನ್ನು ಮುಟ್ಟಿತು. ಅಂದರೆ ಸಾದಾ ಪೆಟ್ರೋಲಿನ ನಾಕಿಂಗ್ ತಡೆಯುವ ಗುಣ ಹಣ ಹೆಚ್ಚು ಕೊಡದೆಯೇ ಏರಿದೆ, ಜೊತೆಗೆ ಆವರೇಜ್ ಕೊಂಚ ಇಳಿದಿದೆ. ಆಕ್ಟೇನ್ ಮತ್ತು ಶಕ್ತಿ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪ್ರೀಮಿಯಂನಲ್ಲಿರುವ ಶುದ್ಧೀಕಾರಕಗಳು ಇಂಧನ ಚಿಮ್ಮಿಸುವ ಇಂಜೆಕ್ಟರನ್ನು ಸ್ವಚ್ಛವಾಗಿಡುತ್ತವೆ ಎಂಬ ಮಾತು ತಕ್ಕಮಟ್ಟಿಗೆ ನಿಜ. ಆದರೆ ಪರ ವಾದದವರ ಮೆಚ್ಚಿನ ಟರ್ಬೊ ಕಾರುಗಳಲ್ಲಿ ಅನೇಕವು ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುತ್ತವೆ. ಅಲ್ಲಿ ಇಂಧನವು ಗಾಳಿ ಒಳಬರುವ ವಾಲ್ವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಅದರ ಮೇಲೆ ಕೂತ ಮಸಿಯನ್ನು ಯಾವ ಪೆಟ್ರೋಲೂ ತೊಳೆಯಲಾರದು. ಶಹಾಬಾದ್, ವಾಡಿ, ಸೇಡಂ ಕಡೆಯ ಕಲ್ಲು-ಸಿಮೆಂಟಿನ ಧೂಳಿನಲ್ಲಿ ಓಡಾಡುವ ಕಾರಿಗೆ ಪಿಕಪ್ ಕಡಿಮೆಯಾಗಿದ್ದರೆ ಮೊದಲು ಬಿಚ್ಚಿ ನೋಡಬೇಕಾದದ್ದು ಏರ್ ಫಿಲ್ಟರನ್ನು. ನಮ್ಮ ಹಳ್ಳಿ ದಾರಿಗಳ ಡೀಸೆಲ್ ಕ್ರೂಸರ್‌ಗಳಿಗಂತೂ ಆಕ್ಟೇನಿನ ಪ್ರಶ್ನೆಯೇ ಇಲ್ಲ, ಅಲ್ಲಿನ ಅಳತೆ ಸೀಟೇನ್, ಅಂದರೆ ಡೀಸೆಲ್ ಎಷ್ಟು ಸುಲಭವಾಗಿ ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬುದು.

ಇನ್ನು ಲೆಕ್ಕ. ಅದೇ ಎಎಎ 2016ರಲ್ಲಿ ಸಾದಾ ಪೆಟ್ರೋಲು ಸಾಕೆನ್ನುವ ಕಾರುಗಳನ್ನು ಪರೀಕ್ಷಿಸಿ, ಅವುಗಳಿಗೆ ಪ್ರೀಮಿಯಂನಿಂದ ಗಮನಾರ್ಹ ಲಾಭವಿಲ್ಲ ಎಂದು ಹೇಳಿತ್ತು. ಅಮೆರಿಕದ ಚಾಲಕರು ಹೀಗೆ ವರ್ಷಕ್ಕೆ 210 ಕೋಟಿ ಡಾಲರ್ ವ್ಯರ್ಥ ಮಾಡುತ್ತಾರೆಂದು ಅಂದಾಜಿಸಿತ್ತು. ಪರ ವಾದದ ಶೇ 2.7ನ್ನೇ ಒಪ್ಪಿಕೊಳ್ಳೋಣ: ಸಾದಾ ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ಉಳಿತಾಯ 2 ರೂಪಾಯಿ 70 ಪೈಸೆ. ಪ್ರೀಮಿಯಂಗೆ ತೆರುವ ಹೆಚ್ಚುವರಿ ಹಣ ಅದನ್ನು ದಾಟಿದ ಕ್ಷಣದಿಂದ ನಷ್ಟ ಶುರು. 100 ಆಕ್ಟೇನಿನ ಪೆಟ್ರೋಲನ್ನು ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಮಾರಾಟಕ್ಕೆ ತಂದಾಗ ಅದರ ಬೆಲೆ ಲೀಟರಿಗೆ 160 ರೂಪಾಯಿ ಇತ್ತು. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ 95 ಆಕ್ಟೇನ್ ಬೇಕೆಂದು ಅಚ್ಚಾಗಿದ್ದರೆ ಮಾಲೀಕರು ಧಾರಾಳವಾಗಿ ಹಾಕಿಸಲಿ. 91 ಎಂದಿದ್ದರೆ ಆ ಹಣದಲ್ಲಿ ಫಿಲ್ಟರ್ ಬದಲಿಸಲಿ.